ಎರಿಗೊಂದು ಬೀಜ, ಮಸಾರಿಗೊಂದು ಬೀಜ: ಕಿತ್ತೂರಿನಿಂದ ರಾಮದುರ್ಗದವರೆಗೆ

ಜೂನ್ ಮೊದಲ ವಾರ. ಬೈಲಹೊಂಗಲದ ಒಂದು ಬೀಜದ ಅಂಗಡಿ ಮುಂದೆ ನಾವು ಮೂವರು ನಿಂತಿದ್ದೆವು. ಗ್ರಾಮೀಣ ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಈಗ ಒಬ್ಬರು ಕಿತ್ತೂರು ಕಡೆ, ಒಬ್ಬರು ಸವದತ್ತಿ ಕಡೆ, ಮತ್ತೊಬ್ಬರು ರಾಮದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಇದ್ದೇವೆ. ಅಂಗಡಿಗೆ ಬಂದ ಹುಡುಗನೊಬ್ಬ ಹತ್ತಿಬೀಜದ ಎರಡು ಪಾಕೀಟು ಕೇಳಿದ. ಅಂಗಡಿಯವರು ಕೊಟ್ಟರು, ದುಡ್ಡು ಎಣಿಸಿಕೊಂಡರು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ ಹುಡುಗನನ್ನು ಕರೆದು ಕೇಳಿದ: “ಏ ತಮ್ಮಾ, ನಿಮ್ಮದು ಎರಿ ಹೊಲಾನೋ, ಮಸಾರಿನೋ?”

ಹುಡುಗ ನಕ್ಕು, “ಯಾವ್ದಾದ್ರೇನ್ ಯಜ್ಜಾ, ಇದು ಎಲ್ಲಾ ಹೊಲಕ್ಕೂ ನಡೀತೈತಂತ” ಅಂದು ಬೈಕು ಹತ್ತಿದ.

ಅಜ್ಜ ಕೇಳಿದ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿಯಿತು. ಯಾವ ನೆಲಕ್ಕೆ ಯಾವ ಬೆಳೆ ಎನ್ನುವ ಪ್ರಶ್ನೆಯನ್ನು ಈ ಭಾಗದಲ್ಲಿ ಯಾರು ಯಾರು ಕೇಳಿದರು, ಯಾವಾಗ ಕೇಳುವುದನ್ನು ಬಿಟ್ಟರು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೆಚ್ಚಿನ ಪಾಲು ಹತ್ತಿಯ ಕಥೆ. ಯಾಕೆಂದರೆ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಹೊರಗಿನವರ ಕಣ್ಣು ಬಿದ್ದಿದ್ದೇ ಹತ್ತಿಯಿಂದ.

ಮೊದಲು ದಾರಿಯ ಮಾತು. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ಮೇಲೆ ಹಾಯ್ದು ರಾಮದುರ್ಗಕ್ಕೆ ಹೋದರೆ ಸುಮಾರು ನೂರು ಕಿಲೋಮೀಟರು. ಆದರೆ ಈ ನೂರು ಕಿಲೋಮೀಟರಿನಲ್ಲಿ ನೆಲ ಹಲವು ಬಾರಿ ಬಣ್ಣ ಬದಲಿಸುತ್ತದೆ. ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿ ಮೇ ಕೊನೆಗೇ ಒಣ ನೆಲದಲ್ಲಿ ಕೂರಿಗೆ ಹಿಡಿದು ಭತ್ತ ಬಿತ್ತುತ್ತಾರೆ. ಸಸಿ ಮಡಿ ಮಾಡಿ ನಾಟಿ ಹಚ್ಚುವ ಪದ್ಧತಿ ಅಲ್ಲ ಇದು, ಮಳೆಗೆ ಮುಂಚೆ ಬೀಜ ಮಣ್ಣಿನೊಳಗೆ ಸೇರಿರಬೇಕು. ಮಾವಿನ ಗಿಡಗಳೂ ಆ ಕಡೆಗೇ ಹೆಚ್ಚು. ಬೈಲಹೊಂಗಲಕ್ಕೆ ಬರುತ್ತಲೇ ಎರಿ ಹೊಲ ಹಾಸಿಕೊಳ್ಳುತ್ತದೆ. ಸವದತ್ತಿಯಲ್ಲಿ ಎರಿಯ ನಡುವೆ ಗುಡ್ಡ, ಗುಡ್ಡದ ಬುಡಕ್ಕೆ ಮಸಾರಿ, ಮಲಪ್ರಭೆಯ ದಂಡೆಗೆ ಮತ್ತೆ ಎರಿ. ರಾಮದುರ್ಗಕ್ಕೆ ಬಂದರೆ ಮರಳುಗಲ್ಲಿನ ಗುಡ್ಡಗಳು, ಗರಸು ನೆಲ, ಕಳ್ಳಿ, ಜಾಲಿ. ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು ಹತ್ತು ವಲಯಗಳಾಗಿ ಹಂಚಿದಾಗ ಬೈಲಹೊಂಗಲವನ್ನು (ಕಿತ್ತೂರು ಆಗ ಅದರೊಳಗೇ ಇತ್ತು) 8ನೇ ವಲಯಕ್ಕೆ, ಅಂದರೆ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಪಟ್ಟಿಗೆ ಸೇರಿಸಿದರು. ಸವದತ್ತಿ, ರಾಮದುರ್ಗ ಎರಡನ್ನೂ 3ನೇ ವಲಯಕ್ಕೆ, ಉತ್ತರದ ಒಣ ವಲಯಕ್ಕೆ ಹಾಕಿದರು. ಈ ಗೆರೆ ನಕಾಶೆಯ ಮೇಲೆ ಬೀಳುವುದಕ್ಕೆ ಎಷ್ಟೋ ಮುಂಚೆ ಇಲ್ಲಿನ ಕೂರಿಗೆಗಳಿಗೆ ಅದು ಗೊತ್ತಿತ್ತು.

ಹೆಸರುಗಳಲ್ಲೇ ಅದು ಇದೆ. ಸವದತ್ತಿ ರಟ್ಟರ ರಾಜಧಾನಿ, ಶಾಸನಗಳಲ್ಲಿ ಸುಗಂಧವರ್ತಿ. ರಾಮದುರ್ಗದ ಆಚೆ, ಬಾದಾಮಿ–ಪಟ್ಟದಕಲ್ಲಿನ ಸುತ್ತಲಿನ ಸೀಮೆಗೆ ಹಳೆಯ ಹೆಸರು ಕಿಸುಕಾಡು, ಕೆಂಪು ಕಾಡು. ಅದರ ತೆಂಕಣಕ್ಕೆ ಬೆಳ್ವೊಲ, ಬೆಳೆ ತುಂಬಿದ ಹೊಲ. ಆಡಳಿತದ ವಿಭಾಗಗಳಿಗೂ ನೆಲದ ಗುಣ ನೋಡಿ ಹೆಸರಿಟ್ಟ ಜನ ಇಲ್ಲಿದ್ದರು. ದಾನದ ಶಾಸನಗಳಲ್ಲಿ ಇಷ್ಟು ಮತ್ತರು ಎಂದು ಬರೆದು ಸುಮ್ಮನಾಗುವುದಿಲ್ಲ, ಎರೆಯೋ ಗದ್ದೆಯೋ ತೋಟವೋ ಎಂಬುದನ್ನೂ ಕೆತ್ತಿಸುವ ರೂಢಿ ಈ ಸೀಮೆಯಲ್ಲಿತ್ತು. ದಾನ ಪಡೆದವನು ಮುಂದೆ ಏನು ಬೆಳೆಯಬಲ್ಲ ಎಂಬ ಲೆಕ್ಕ ಅದರಲ್ಲೇ ಅಡಗಿತ್ತು.

ಇನ್ನು ಕಂಪನಿ ಸರಕಾರಕ್ಕೆ ಬರೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು, ಕೆಲವೇ ವಾರಗಳಲ್ಲಿ ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು, ಅವನ ಸಮಾಧಿಯ ಮೇಲೆ ಆಪ್ತನೊಬ್ಬ ಆಲದ ಗಿಡ ಹಚ್ಚಿದ ಎಂದು ಜನ ಹೇಳುತ್ತಾರೆ. ಆಲ ಯಾಕೆ ಎಂದು ನಾವು ಕೇಳಿದ್ದಕ್ಕೆ ಸಂಗೊಳ್ಳಿಯ ಹಿರಿಯರೊಬ್ಬರು ಕೊಟ್ಟ ಉತ್ತರ ಬಹಳ ಸರಳ: “ಟೊಂಗಿ ಮುರದು ನೆಟ್ರೂ ಹತ್ತೋ ಗಿಡಾ ಅದ, ನೀರ ಹಾಕಾಕ ಯಾರು ಇರ್ತಿದ್ರು ಅಲ್ಲೆ?” ಇದನ್ನು ಇತಿಹಾಸ ಎನ್ನಲು ಆಗದು, ಆದರೆ ಗಿಡ ಆರಿಸುವವರ ತಿಳಿವಳಿಕೆ ಅಂದರೆ ಇದೇ.

ಜನ ಮರೆತಿರುವುದು ಇದರ ನಂತರದ ಇಪ್ಪತ್ತು ವರ್ಷಗಳನ್ನು. ಗೆದ್ದ ನೆಲದಿಂದ ಕಂದಾಯ ಬರಬೇಕಾದರೆ ಆ ನೆಲ ಎಂಥದು ಎಂದು ಸರಕಾರಕ್ಕೆ ಗೊತ್ತಾಗಬೇಕಿತ್ತು. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಕೈಕೆಳಗೆ ದಕ್ಷಿಣ ಮರಾಠಾ ಸೀಮೆಯ ಮೋಜಣಿ ನಡೆಯಿತು. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಕೂಡಿ ಬರೆದ ಜಂಟಿ ವರದಿಯಲ್ಲಿ ಅದರ ಪದ್ಧತಿ ಪೂರ್ತಿ ಇದೆ. ಆಗ ಬೈಲಹೊಂಗಲ–ಕಿತ್ತೂರಿನ ಸೀಮೆ ಸಂಪಗಾವಿ ತಾಲ್ಲೂಕು, ಸವದತ್ತಿಯದು ಪರಸಗಡ ತಾಲ್ಲೂಕು. ರಾಮದುರ್ಗ ಬೇರೆಯೇ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಭಾವೆ ಮನೆತನದ ಆಡಳಿತದಲ್ಲಿತ್ತು.

ಮೋಜಣಿಯವರು ನೆಲ ನೋಡುತ್ತಿದ್ದ ರೀತಿ ಹೀಗಿತ್ತು. ಒಂದೊಂದು ಹೊಲವನ್ನೂ ಚೌಕಗಳಾಗಿ ಗೆರೆ ಹಾಕಿ ಹಂಚುವುದು. ಪ್ರತಿ ಚೌಕದಲ್ಲಿ ಅಗೆದು ಮಣ್ಣಿನ ಆಳವನ್ನು ಮೊಳದಲ್ಲಿ ಅಳೆಯುವುದು. ನುಣುಪಾದ ಕರಿಮಣ್ಣು ಮೊದಲ ತರಗತಿ, ಸ್ವಲ್ಪ ಒರಟಾದ, ಹೆಚ್ಚಾಗಿ ಕೆಂಪಗಿರುವ ಮಣ್ಣು ಎರಡನೆಯದು, ಗರಸು ಮಣ್ಣು ಮೂರನೆಯದು. ಒಂದೂಮುಕ್ಕಾಲು ಮೊಳ ಆಳದ ಕರಿಮಣ್ಣಾದರೆ ಪೂರಾ ಹದಿನಾರಾಣೆ. ಆಳ ಕಡಿಮೆಯಾದಂತೆ ಹದಿನಾಲ್ಕು, ಹನ್ನೆರಡು ಎಂದು ಇಳಿಯುತ್ತ ಒಂಬತ್ತನೇ ದರ್ಜೆಗೆ ಎರಡೇ ಆಣೆ. ಸುಣ್ಣದ ಹರಳು, ಉಸುಕು, ಇಳಿಜಾರು, ನೀರು ಜಿನುಗುವುದು, ಹಳ್ಳದ ನೀರು ಕೊಚ್ಚಿಕೊಂಡು ಹೋಗುವುದು, ಇಂಥ ಒಂದೊಂದು ದೋಷಕ್ಕೂ ಒಂದೊಂದು ಗುರುತು. ಒಂದು ಗುರುತು ಬಿದ್ದರೆ ಒಂದು ದರ್ಜೆ ಕೆಳಗೆ.

ಇದರಲ್ಲಿ ನಮಗೆ ಬೆರಗು ಹುಟ್ಟಿಸಿದ್ದು ಅದರ ಸೂಕ್ಷ್ಮ. ಸಿಟ್ಟು ತರಿಸಿದ್ದೂ ಅದೇ. ಪ್ರತಿ ಹೊಲದಲ್ಲೂ ಗುಂಡಿ ತೋಡಿ ನೋಡಿದರು. ನೋಡಿದ್ದು ಮಾತ್ರ ತೆರಿಗೆಗಾಗಿ. ಎರಡಾಣೆಯ ಗರಸಿನಲ್ಲಿ ನವಣೆ, ಹುರಳಿ ಚೆನ್ನಾಗಿ ಬರುತ್ತವೆ, ಹದಿನಾರಾಣೆಯ ಎರಿಯಲ್ಲಿ ಅದೇ ನವಣೆ ಅತಿ ಮಳೆಗೆ ನೀರು ನಿಂತು ಹಾಳಾಗುತ್ತದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ರೈತನ ಕಣ್ಣಿಗೆ ಒಳ್ಳೆಯ ಹೊಲ, ಕೆಟ್ಟ ಹೊಲ ಅಂತ ಇರುವುದಿಲ್ಲ, ಯಾವುದಕ್ಕೆ ಒಳ್ಳೆಯದು ಎಂದಷ್ಟೇ ಇರುತ್ತದೆ. ಸವದತ್ತಿ ಕಡೆಯ ನಮ್ಮ ಗೆಳತಿಯ ಅಜ್ಜಿ ಹೇಳುವ ಪ್ರಕಾರ ಅವರ ಮನೆಯಲ್ಲಿ ಹೊಲ ಪಾಲಾಗುವಾಗ ಪ್ರತಿ ಅಣ್ಣತಮ್ಮನಿಗೂ ಒಂದಿಷ್ಟು ಎರಿ, ಒಂದಿಷ್ಟು ಮಸಾರಿ ಬರುವಂತೆ ಹಂಚುತ್ತಿದ್ದರು. ಮುಂಗಾರಿ ಕೈಕೊಟ್ಟರೆ ಹಿಂಗಾರಿಗೆ ಎರಿ, ಹಿಂಗಾರಿ ಹೋದರೆ ಮುಂಗಾರಿನ ಮಸಾರಿ. ತುಂಡು ತುಂಡು ಹೊಲ ಎಂದು ಆಮೇಲೆ ಬಂದ ಅಧಿಕಾರಿಗಳು ಬೈದದ್ದು ಇದನ್ನೇ.

ಮೋಜಣಿ ನಡೆಯುತ್ತಿದ್ದ ಹೊತ್ತಿಗೇ ಇನ್ನೊಂದು ಕಡೆಯಿಂದ ಬೀಜ ಬಂತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು, ಅಮೆರಿಕವೊಂದನ್ನೇ ನಂಬಿ ಕೂರುವುದು ಅವರಿಗೆ ಇಷ್ಟವಿರಲಿಲ್ಲ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ಬೇಲ್ಸ್ ಎಂಬಾತನ ಮೂಲಕ ಹತ್ತು ಮಂದಿ ಅಮೆರಿಕನ್ ಬೆಳೆಗಾರರನ್ನು ಹಿಂದುಸ್ತಾನಕ್ಕೆ ಕರೆಸಿತು. ಗುಜರಾತು, ಖಾನದೇಶ, ಕೊಯಮತ್ತೂರು, ಉತ್ತರದ ಬಯಲು ಹೀಗೆ ಹಲವು ಕಡೆ ಪ್ರಯೋಗ ಆಯಿತು. ನಮ್ಮ ಕಡೆ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದರು. ಧಾರವಾಡದ ಕಲೆಕ್ಟರ್ ಶಾ ಎಂಬುವರು ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೂ ಹಂಚಿಸಿದರು.

ಬೇರೆ ಕಡೆ ಆ ಬೀಜ ಹೆಚ್ಚುಕಡಿಮೆ ಸೋತಿತು. ಧಾರವಾಡ ಸೀಮೆಯಲ್ಲಿ ಹತ್ತಿತು. ಅಮೆರಿಕನ್ನರ ಜಾಣತನದಿಂದ ಅಲ್ಲ. ಇಲ್ಲಿ ಮುಂಗಾರು ಹದವಾಗಿ ಬರುತ್ತದೆ, ಅಕ್ಟೋಬರಿನಲ್ಲಿ ಹಿಂಗಾರಿನ ಮಳೆಯೂ ಒಂದಿಷ್ಟು ಸಿಗುತ್ತದೆ, ಬಿಸಿಲು ಖಾನದೇಶದಷ್ಟು ಸುಡುವುದಿಲ್ಲ. ಆ ಗಿಡಕ್ಕೆ ಬೇಕಾಗಿದ್ದದ್ದು ಇದೇ. ಪ್ರಯೋಗಕ್ಕೆ ಬಂದವರಲ್ಲಿ ಮರ್ಸರ್ ಎಂಬಾತ 1845ರಲ್ಲಿ ಸರಕಾರಕ್ಕೆ ನೇರವಾಗಿಯೇ ಹೇಳಿಬಿಟ್ಟ: ಈ ಮಾದರಿ ಹೊಲಗಳು ದಂಡದ ಖರ್ಚು, ಅಮೆರಿಕದ ಬೇಸಾಯ ಈ ದೇಶಕ್ಕೆ ಹೊಂದುವುದಿಲ್ಲ, ಇಲ್ಲಿನ ರೈತರು ತಮ್ಮ ನೆಲ ತಮ್ಮ ಹವೆ ಬಲ್ಲವರು, ನಮಗಿಂತ ಚೆನ್ನಾಗಿ, ನಮಗಿಂತ ಅಗ್ಗವಾಗಿ ಬೆಳೆಯುತ್ತಾರೆ. ಸಾವಿರಾರು ಮೈಲಿ ದೂರದಿಂದ ಕಲಿಸಲು ಬಂದವನು ಬರೆದ ಮಾತಿದು. ನಮ್ಮ ಪಠ್ಯಗಳಲ್ಲಿ ಯಾಕೆ ಇಲ್ಲವೋ!

ರೈತರು ಎರಡೂ ಹತ್ತಿಗೆ ಹೆಸರಿಟ್ಟರು. ಮೊದಲಿನಿಂದ ಇದ್ದದ್ದು ಜವಾರಿ ಹತ್ತಿ, ಹೊಸದು ವಿಲಾಯ್ತಿ ಹತ್ತಿ. ವ್ಯಾಪಾರಿಗಳ ಬಾಯಲ್ಲಿ ಜವಾರಿ ಹತ್ತಿಗೆ ಕುಮಟಾ ಹತ್ತಿ ಎಂದು ಹೆಸರು, ಕುಮಟಾದ ಬಂದರಿನಿಂದ ಹಡಗು ಹತ್ತುತ್ತಿದ್ದದ್ದರಿಂದ. ಘಟ್ಟದ ಮೇಲೆ ಎತ್ತಿನ ಮೇಲೆ, ಗಾಡಿಗಳಲ್ಲಿ ಹೇರಿದ ಬೈಲಹೊಂಗಲದ ಅರಳಿಗೂ ಅದೇ ಹೆಸರು. ಕಡಲನ್ನೇ ಕಾಣದ ಗಿಡಕ್ಕೆ ಕಡಲದಂಡೆಯ ಹೆಸರು ಬಂದದ್ದು ಹೀಗೆ.

ಜವಾರಿ ಹತ್ತಿಯನ್ನು ಎರಿಯಲ್ಲಿ ಹಚ್ಚುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇವತ್ತು ಅದು ಬಲ್ಲವರು ಕಡಿಮೆಯಾಗಿದ್ದಾರೆ. ಮುಂಗಾರಿನ ಮಳೆಯಲ್ಲಿ ಎರಿ ಹೊಲಕ್ಕೆ ಏನೂ ಬಿತ್ತುವುದಿಲ್ಲ. ಮಳೆ ಬಿದ್ದು ಮೇಲೆ ಕಸ ಹುಟ್ಟಿದಾಗಲೆಲ್ಲ ಕುಂಟಿ ಹೊಡೆದು ಹರಗುತ್ತ ಹೋಗುವುದು. ಹರಗಿದಷ್ಟೂ ಕಸ ಸಾಯುತ್ತದೆ, ಮೇಲಿನ ಪುಡಿಮಣ್ಣು ಮುಚ್ಚಿಗೆಯಂತಾಗಿ ಒಳಗಿನ ಹಸಿ ಆರುವುದಿಲ್ಲ. ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆ ಇಲ್ಲವೇ ಸೆಪ್ಟೆಂಬರಿನಲ್ಲಿ, ಹೊಲ ಹದಕ್ಕೆ ಬಂದಿರುತ್ತದೆ. ಹತ್ತಿಬೀಜಕ್ಕೆ ಸಣ್ಣ ನಾರು ಅಂಟಿಕೊಂಡಿರುತ್ತದೆ, ಒಂದಕ್ಕೊಂದು ಹೆಣೆದುಕೊಂಡು ಕೂರಿಗೆಯ ಬಟ್ಟಲಿನಿಂದ ಕೆಳಗೆ ಇಳಿಯುವುದಿಲ್ಲ. ಅದಕ್ಕೆ ಸಗಣಿ, ಮಣ್ಣು ಕಲಸಿ ಬೀಜವನ್ನು ನೆಲದ ಮೇಲೆ ತಿಕ್ಕಿ ಒಣಗಿಸುವುದು. ಆಗ ಬೀಜ ಕಡಲೆಯಂತೆ ಬಿಡಿ ಬಿಡಿಯಾಗುತ್ತದೆ. ಈ ಕೆಲಸ ಹೆಂಗಸರದು. ಬಿತ್ತುವಾಗ ಕೂರಿಗೆಯ ಹಿಂದೆ ಸೆಡ್ಡಿ ಹಿಡಿದು ಬೀಜ ಬಿಡುವವರೂ ಅವರೇ. ಸಾಲು ಬಿಟ್ಟು ಸಾಲು ಅಕ್ಕಡಿಗೆ ಕಡಲೆಯೋ ಕುಸುಬಿಯೋ ಹಾಕುವವರೂ ಇದ್ದರು.

ಮಳೆ ನಿಂತ ಮೇಲೆ ಆ ಗಿಡಕ್ಕೆ ನೀರು ಹಾಕುವವರು ಯಾರೂ ಇಲ್ಲ. ಅದರ ತಾಯಿಬೇರು ಎರಿಯ ಆಳಕ್ಕೆ ಇಳಿದು ಅಲ್ಲಿ ಉಳಿದ ಹಸಿ ಹೀರುತ್ತದೆ. ಚಳಿಗಾಲ ದಾಟಿ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಯಿ ಒಡೆಯುತ್ತದೆ. ಕಾಯಿ ಸಣ್ಣದು, ಎಳೆ ಗಿಡ್ಡದು, ಇಳುವರಿಯೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಮಳೆ ಹೋದ ವರ್ಷವೂ ಬುಟ್ಟಿ ಅರಳಿ ಕೊಡುತ್ತಿತ್ತು. ಇದೇ ಬೀಜವನ್ನು ಮಸಾರಿಗೆ ಬಿತ್ತಿದರೆ ಬೇರು ಗರಸಿಗೆ ತಾಗಿ ನಿಲ್ಲುತ್ತದೆ, ಡಿಸೆಂಬರಿಗೇ ಗಿಡ ಬಾಡುತ್ತದೆ. ಹಾಗಾಗಿ ಮಸಾರಿಗೆ ಮುಂಗಾರಿನ ಶೇಂಗಾ, ಹೆಸರು, ಸಜ್ಜೆ, ನವಣೆ, ತೊಗರಿ. ರಾಮದುರ್ಗದ ಗುಡ್ಡದ ಬುಡದ ಹೊಲಗಳಲ್ಲಿ ನಮ್ಮ ಹಿಂದಿನವರು ಹತ್ತಿಯ ಗೊಡವೆಗೆ ಹೋಗದಿದ್ದದ್ದು ತಿಳಿವಳಿಕೆ ಇಲ್ಲದ್ದಕ್ಕಲ್ಲ.

ವಿಲಾಯ್ತಿ ಹತ್ತಿ ಬೆಳೆದ ರೈತರಿಗೆ ಎದುರಾದ ತೊಡಕು ಹೊಲದಲ್ಲಿರಲಿಲ್ಲ, ಅಂಗಳದಲ್ಲಿತ್ತು. ಜವಾರಿ ಹತ್ತಿಯನ್ನು ಮನೆಯಲ್ಲೇ ಹಿಂಜುತ್ತಿದ್ದರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿದರೆ ಬೀಜ ಮುಂದೆ ಜಿಗಿಯುತ್ತಿತ್ತು, ಅರಳಿ ಹಿಂದೆ ಉಳಿಯುತ್ತಿತ್ತು. ವಿಲಾಯ್ತಿಯ ಎಳೆ ಬೀಜಕ್ಕೆ ಗಟ್ಟಿಯಾಗಿ ಹಿಡಿದಿರುತ್ತದೆ, ಸರಳಿಗೆ ಬಗ್ಗಲಿಲ್ಲ. ಗರಗಸದ ಹಲ್ಲಿನ ಜಿನ್ನು ಬೇಕಾಯಿತು, ಸರಕಾರವೇ ಧಾರವಾಡದಲ್ಲಿ ಜಿನ್ನು ತಯಾರಿಸುವ, ರಿಪೇರಿ ಮಾಡುವ ಕಾರ್ಖಾನೆ ಇಡಬೇಕಾಯಿತು. ಬೀಜ ಹಂಚಿದರೆ ಸಾಲದು, ಬೀಜದ ಹಿಂದೆ ಬರುವ ಯಂತ್ರ, ಪೇಟೆ ಎಲ್ಲವೂ ಬರಬೇಕು ಎಂಬ ಪಾಠ ಆಗಲೇ ಸಿಕ್ಕಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ನಾಲ್ಕು ವರ್ಷ ನಡೆಯಿತು. ಅಲ್ಲಿನ ಹತ್ತಿ ಬರುವುದು ನಿಂತಿತು, ಇಲ್ಲಿ ಬೆಲೆ ಮೇಲೆ ಮೇಲೆ ಏರಿತು. ಎರಿ, ಮಸಾರಿ ಎನ್ನದೆ ಹತ್ತಿ ಹಾಕಿದರು. ಜವಾರಿ, ವಿಲಾಯ್ತಿ ಎರಡನ್ನೂ ಬೆರೆಸಿದರು, ತೂಕಕ್ಕೆ ಬೀಜ, ಕಸ ಸೇರಿಸಿದರು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಕಲಬೆರಕೆಗೆಂದೇ ಕಾನೂನು ತಂದಿತು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. 1876ರಿಂದ 78ರವರೆಗಿನ ಬರ ಬಂದಾಗ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನೊಂದವುಗಳ ಸಾಲಿನಲ್ಲಿದ್ದವು. ಬರಕ್ಕೆ ಹತ್ತಿಯೊಂದೇ ಕಾರಣ ಎಂದು ನಾವು ಹೇಳುವುದಿಲ್ಲ, ಮಳೆಯೇ ಬರಲಿಲ್ಲ. ಆದರೆ ಜೋಳದ ಹಗೇವುಗಳು ಎಷ್ಟು ತುಂಬಿದ್ದವು ಎಂಬುದಕ್ಕೂ ಅದರ ಹಿಂದಿನ ಹದಿನೈದು ವರ್ಷ ಏನು ಬಿತ್ತಿದರು ಎಂಬುದಕ್ಕೂ ನಂಟಿದೆ.

ವಿಲಾಯ್ತಿ ಹತ್ತಿ ಬೆರಕೆಯಾಗುತ್ತ, ಎಲೆ ಕೆಂಪಾಗುವ ರೋಗಕ್ಕೆ ಸಿಕ್ಕುತ್ತ ಬಡವಾಯಿತು. ಇಪ್ಪತ್ತನೇ ಶತಮಾನದಲ್ಲಿ ಧಾರವಾಡದ ಕೃಷಿ ಇಲಾಖೆಯವರು ಬೇರೆ ದಾರಿ ಹಿಡಿದರು. ಜಿ. ಎಲ್. ಕೊತ್ತೂರ ಎಂಬ ತಳಿತಜ್ಞರು ಕುಮಟಾ ಹತ್ತಿಯನ್ನೇ ಎತ್ತಿಕೊಂಡು ಅದರಲ್ಲಿ ಒಳ್ಳೆಯ ಗಿಡ ಆರಿಸಿ ಆರಿಸಿ ಸುಧಾರಿಸಿದರು, 1920ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಹೊರಗಿನ ಬೀಜ ತಂದು ನೆಲವನ್ನು ಒಗ್ಗಿಸುವುದರ ಬದಲು ನೆಲಕ್ಕೆ ಒಗ್ಗಿದ ಬೀಜದಲ್ಲೇ ಹುಡುಕುವ ಕೆಲಸ ಅದು. ಈ ದಾರಿಯಲ್ಲಿ ಜಯವಂತ ಬಂತು, ಮುಂದೆ ಜಯಧರ ಬಂತು. ಬೈಲಹೊಂಗಲದ ಪೇಟೆಯಲ್ಲಿ ಹಿರಿಯರು ಈಗಲೂ ಜವಾರಿ ಎಂದರೆ ಜಯಧರವನ್ನೇ ನೆನೆಯುತ್ತಾರೆ. ಸೊರಗು ರೋಗಕ್ಕೆ ಜಗ್ಗದು, ಹನಿ ಔಷಧಿ ಬೇಡದು. ಇಪ್ಪತ್ತರ ಆಸುಪಾಸಿನ ದಪ್ಪ ನೂಲಷ್ಟೇ ಬರುತ್ತದೆ, ಆದರೆ ಖಾದಿಗೆ ಅದೇ ಹೊಂದುತ್ತದೆ. ರಾಮದುರ್ಗ ತಾಲ್ಲೂಕಿನ ಸುರೇಬಾನ ಕಡೆ ಮಗ್ಗದ ಸದ್ದು ಇನ್ನೂ ಕೇಳುತ್ತದೆ, ಮಗ್ಗಕ್ಕೆ ಬರುವ ನೂಲು ಮಾತ್ರ ಎಲ್ಲೆಲ್ಲಿಯದೋ.

ಇದರ ಜೊತೆಗೆ ವಿಲಾಯ್ತಿ ಜಾತಿಯಲ್ಲೂ ಕೆಲಸ ನಡೆದು ಲಕ್ಷ್ಮೀ ಎಂಬ ತಳಿ ಬಂದಿತ್ತು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಆ ಲಕ್ಷ್ಮಿಯನ್ನು ಎಸ್‌ಬಿ 289-ಇ ಎಂಬ ಈಜಿಪ್ಟ್ ಹತ್ತಿಯ ಜಾತಿಗೆ ಕೂಡಿಸಿ ವರಲಕ್ಷ್ಮೀ ಹೊರತಂದರು. ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಮಾರಾಟಕ್ಕೆ ಬಂದ ಜಗತ್ತಿನ ಮೊದಲ ಹತ್ತಿ ಸಂಕರ ತಳಿ ಅದು. ಎಂಬತ್ತನೇ ನಂಬರಿನ ಸಣ್ಣ ನೂಲು ತೆಗೆಯಬಹುದಾದ ಎಳೆ. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮೀ ಬಂತು. ಧಾರವಾಡದ ಈ ಕೆಲಸವನ್ನು ಸಣ್ಣದೆಂದು ಯಾರೂ ಹೇಳಲಾರರು, ನಾವಂತೂ ಹೇಳುವುದಿಲ್ಲ.

ಆದರೆ ವರಲಕ್ಷ್ಮಿ ನೀರು ಕೇಳುವ ಬೆಳೆ, ಗೊಬ್ಬರ, ಔಷಧಿ ಕೇಳುವ ಬೆಳೆ. ಅದು ಬಂದ ಹೊತ್ತಿಗೇ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಡಲು ಶುರು ಮಾಡಿದ್ದರು. ಎರಿ ಹೊಲಕ್ಕೆ ಮೊದಲ ಸಲ ಕಾಲುವೆ ನೀರು, ಕೈಯಲ್ಲಿ ಹೊಸ ಬೀಜ, ಪೇಟೆಯಲ್ಲಿ ಬಂಗಾರದಂಥ ಬೆಲೆ. ಯೋಜನೆ ಮಾಡಿದವರು ಈ ನೀರನ್ನು ಹಗುರ ನೀರಾವರಿಗೆಂದು, ಜೋಳ, ಗೋದಿ, ಹತ್ತಿಗೆಂದು ಲೆಕ್ಕ ಹಾಕಿದ್ದರು. ಕಾಲುವೆಯ ತಲೆಯಲ್ಲಿ ಇದ್ದವರು ಕಬ್ಬು, ಭತ್ತ ಹಚ್ಚಿದರು. ಬಾಲದಲ್ಲಿ ಇದ್ದವರಿಗೆ ನೀರಿನ ಬದಲು ನೀರಿನ ಕರದ ನೋಟಿಸು ಬಂತು. ವರಲಕ್ಷ್ಮಿಯ ಬೆಲೆ ಬಿದ್ದಿತು. ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಸವದತ್ತಿ, ನರಗುಂದ, ನವಲಗುಂದದ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ಆಯಿತು, ರೈತರು ಸತ್ತರು. ಈಗಲೂ ಆ ದಿನ ಹುತಾತ್ಮ ರೈತರ ದಿನ. ಆ ಚಳವಳಿಯನ್ನು ನಾವು ಕರದ ಕಥೆಯಾಗಿ, ರಾಜಕೀಯದ ಕಥೆಯಾಗಿ ಓದಿದ್ದೇವೆ. ಅದು ಎರಿಗೆ ಹೊಂದದ ನೀರಿನ, ಹೊಂದದ ಬೆಳೆಯ ಕಥೆಯೂ ಹೌದು.

ಎರಿ ಮಣ್ಣು ನೀರನ್ನು ಕುಡಿಯುತ್ತದೆ, ಬಿಟ್ಟುಕೊಡುವುದಿಲ್ಲ. ಬಸಿಗಾಲುವೆ ಇಲ್ಲದೆ ವರ್ಷವಿಡೀ ನೀರು ಹಾಯಿಸಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಹೊಲ ಸವಳಾಗುತ್ತದೆ, ಜವುಳು ಹಿಡಿಯುತ್ತದೆ. ಸವದತ್ತಿಯ ನಮ್ಮ ಗೆಳತಿಯ ಮನೆಯವರ ಎರಡು ಎಕರೆ ಹಾಗೆ ಹೋಗಿದೆ. ಒಂದು ಕಾಲಕ್ಕೆ ಜವಾರಿ ಹತ್ತಿ, ಬಿಳಿಜೋಳ ಕೊಡುತ್ತಿದ್ದ ಹೊಲ. ಕಬ್ಬಿನ ಹತ್ತಾರು ವರ್ಷಗಳ ನಂತರ ಈಗ ಬೇಸಿಗೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅವರಪ್ಪ ಅದರ ಕಡೆ ನೋಡದೆಯೇ ಹಾದುಹೋಗುತ್ತಾರೆ.

ಗಿಡಮರಗಳ ಕಥೆಯೂ ಬೇರೆಯಲ್ಲ, ಚುಟುಕಾಗಿ ಹೇಳುತ್ತೇವೆ. ಎರಿಯ ಬದುವಿಗೆ ಕರಿಜಾಲಿ, ಬೇವು, ಊರ ಮುಂದೆ ಹುಣಸೆ, ಕಿತ್ತೂರು ಕಡೆ ಮಾವು, ಹಲಸು ಹಿಂದಿನಿಂದ ಬಂದ ಆಯ್ಕೆ. ಬಳ್ಳಾರಿ ಜಾಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ದೇಶಕ್ಕೆ ಬಂದದ್ದು, ಬರದ ನೆಲಕ್ಕೆ ಉರುವಲು ಆಗಲಿ ಎಂದು. ಇವತ್ತು ರಾಮದುರ್ಗದ ಹಳ್ಳದ ದಂಡೆಗಳಲ್ಲಿ ಅದನ್ನು ಕಿತ್ತಷ್ಟೂ ಚಿಗುರುತ್ತದೆ. 1983ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು, ಎಲ್ಲಿ ನೋಡಿದರೂ ನೀಲಗಿರಿ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದವರೂ ಊರಿನವರೂ ಸೇರಿ ಗೋಮಾಳದಲ್ಲಿ ಹಚ್ಚಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಅದಕ್ಕೆ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ಎಂದೇ ಹೆಸರು. ಯಾವ ಗಿಡ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಇಷ್ಟು ಚಿಕ್ಕ ಹೆಸರಿನಲ್ಲಿ ಉತ್ತರ ಕೊಟ್ಟ ಚಳವಳಿ ನಮಗೆ ಇನ್ನೊಂದು ಗೊತ್ತಿಲ್ಲ.

2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಕಾಯಿಕೊರಕ ಹುಳುವಿನ ಕಾಟಕ್ಕೆ ಬೇಸತ್ತಿದ್ದ ರೈತರು ಅದನ್ನು ಹಿಡಿದರು, ಮೊದಲ ವರ್ಷಗಳಲ್ಲಿ ಹಿಡಿದದ್ದಕ್ಕೆ ಕಾರಣವೂ ಇತ್ತು. ಆದರೆ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು. ಮನೆಯ ಹಗೇವಿನಿಂದ, ನೆರೆಯವರಿಂದ ಬೀಜ ಬರುತ್ತಿದ್ದಾಗ ಬೀಜದ ಜೊತೆಗೆ ಅದು ಎಂಥ ಹೊಲದಲ್ಲಿ ಬೆಳೆದದ್ದು ಎಂಬ ಸುದ್ದಿಯೂ ಬರುತ್ತಿತ್ತು. ಪಾಕೀಟು ಆ ಸುದ್ದಿ ಹೇಳುವುದಿಲ್ಲ. ರಾಮದುರ್ಗದ ನಮ್ಮ ಗೆಳೆಯನ ಅಪ್ಪ ಕೆಲವು ವರ್ಷಗಳ ಹಿಂದೆ ಗುಡ್ಡದ ಬುಡದ ಮೂರು ಎಕರೆ ಮಸಾರಿಗೆ ಅದನ್ನು ಹಾಕಿದರು. ಕೊಟ್ಟವರು ಎಲ್ಲ ಹೊಲಕ್ಕೂ ನಡೆಯುತ್ತದೆ ಎಂದಿದ್ದರು. ಸೆಪ್ಟೆಂಬರ್‌ವರೆಗೆ ಗಿಡ ನೋಡುವಂತಿತ್ತು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೋಯಿತು, ತೆಳು ಮಣ್ಣಿನಲ್ಲಿ ಹಸಿ ಇಲ್ಲ, ಎಲೆಯೆಲ್ಲ ಕೆಂಪಾಗಿ ಕಾಯಿ ಅರ್ಧಕ್ಕೇ ಒಡೆದವು. ಆ ಸಾಲ ತೀರಲು ಮೂರು ವರ್ಷ, ಒಂದು ಜೋಡಿ ಎತ್ತು ಬೇಕಾದವು. ಆ ವರ್ಷ ನಮ್ಮ ಗೆಳೆಯ ಕೊನೆಯ ಸೆಮಿಸ್ಟರಿನ ಫೀ ಕಟ್ಟಿದ್ದು ಸಹಪಾಠಿಗಳೆಲ್ಲ ಸೇರಿಸಿದ ದುಡ್ಡಿನಿಂದ. ಈ ಬರಹದ ಬೀಜ ಅಲ್ಲಿಯದು ಎಂದರೂ ಸರಿ.

ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಮಣ್ಣು ಪರೀಕ್ಷೆಗೆ ಚೀಟಿ ಇದೆ, ಧಾರವಾಡದಲ್ಲಿ 1986ರಿಂದ ವಿಶ್ವವಿದ್ಯಾಲಯವೇ ಇದೆ. ಕೇಳಿದವರಿಗೆ ಉತ್ತರ ಸಿಗುತ್ತದೆ. ಆದರೆ ಸಾಲ ಕೊಡುವವನು, ಬೀಜ ಕೊಡುವವನು, ಔಷಧಿ ಕೊಡುವವನು ಒಬ್ಬನೇ ಆಗಿ ಮಳೆ ಬಿದ್ದ ದಿನ ಮನೆ ಬಾಗಿಲಿಗೇ ಬಂದಾಗ ಬಸ್ಸು ಹತ್ತಿ ಮತ್ತಿಕೊಪ್ಪಕ್ಕೆ ಹೋಗುವವರು ಎಷ್ಟು ಮಂದಿ? ಕಿತ್ತೂರು ಕಡೆ ಕೂರಿಗೆ ಭತ್ತದ ಜಾಗಕ್ಕೆ ಸೋಯಾ, ಕಬ್ಬು ಬಂದಿವೆ, ರಾಮದುರ್ಗದ ಮಸಾರಿಗೆ ಗೋವಿನಜೋಳ. ಸೋಯಾ ಎರಿ-ಮಸಾರಿ ನಡುವಿನ ನೆಲಕ್ಕೆ ಒಗ್ಗಿದೆ 
ಎಂದೇ ನಮ್ಮ ಅನಿಸಿಕೆ. ಗೋವಿನಜೋಳದ ಬಗ್ಗೆ ಹಾಗೆ ಹೇಳುವ ಧೈರ್ಯ ನಮಗಿಲ್ಲ.

ಕಳೆದ ಮುಂಗಾರಿಗೆ ರಾಮದುರ್ಗದ ಆ ಮೂರು ಎಕರೆಗೆ ನವಣೆ ಬಿತ್ತಿದರು, ಆರು ಸಾಲಿಗೊಂದು ತೊಗರಿ. ಹಳ್ಳದ ಕೆಳಗೆ ಅವರಿಗೆ ಒಂದೂವರೆ ಎಕರೆ ಎರಿಯೂ ಇದೆ. ಅದನ್ನು ಮಳೆಗಾಲವಿಡೀ ಹರಗುತ್ತ ಖಾಲಿ ಬಿಟ್ಟಿದ್ದರು. ಸವದತ್ತಿಯ ಗೆಳತಿ ತಮ್ಮ ಊರಿನ ಒಬ್ಬ ಹಿರಿಯರಿಂದ ನಾಲ್ಕು ಸೇರು ಜಯಧರ ಬೀಜ ತಂದುಕೊಟ್ಟಿದ್ದಳು. ಉತ್ತರಿ ಮಳೆ ಬಿಟ್ಟ ಮೂರನೇ ದಿನ ನಾವೂ ಹೋಗಿದ್ದೆವು. ಗೆಳೆಯನ ಅವ್ವ ಅಂಗಳದಲ್ಲಿ ಸಗಣಿ ಕಲಸಿ ಬೀಜ ತಿಕ್ಕುತ್ತಿದ್ದರು. ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಅತ್ತೆಯ ಜೊತೆ ಮಾಡಿದ್ದರಂತೆ, ಆಮೇಲೆ ಮಾಡಿರಲಿಲ್ಲ. ಗೆಳೆಯನ ಅಪ್ಪ ಕೂರಿಗೆಯ ತಾಳು ಸರಿ ಮಾಡುತ್ತಿದ್ದರು, ಬಾಡಿಗೆ ಎತ್ತು ಇನ್ನೂ ಬಂದಿರಲಿಲ್ಲ. ನಮ್ಮಲ್ಲೊಬ್ಬಳು ಬೀಜ ತಿಕ್ಕಲು ಕೂತಾಗ ಅವ್ವ ಅವಳ ಕೈ ನೋಡಿ, “ಅಷ್ಟ ಜೋರ್ ತಿಕ್ಕಬ್ಯಾಡ ತಂಗೀ, ಮೊಳಕಿ ಮುರೀತೈತಿ” ಅಂದರು. ಹನ್ನೊಂದರ ಹೊತ್ತಿಗೆ ಎತ್ತು ಬಂದವು.